ತಲೆಬಾಗಿಲ ಆಣೆ

ಬಟ್ಟೆ ಒಗೆಯುವ ಕಲ್ಲು ಯಾರಿಗೆ ಸೇರಬೇಕೆಂಬುದು ಪಂಚನಹಳ್ಳಿಯಲ್ಲಿ ಎಂಥ ಘನವಾದ ಪ್ರಶ್ನೆಯಾಯಿತೆಂದರೆ, ಹಿರಿಯರೆಲ್ಲ ಹೊಲದ ಕೆಲಸ ಬಿಟ್ಟು ಅದರ ಸುತ್ತ ಕೂತರು. ಸಣ್ಣಬೀರಪ್ಪ ಸತ್ತ ಮೇಲೆ ಮಕ್ಕಳು ಮನೆಯ ನಡುವೆ ಗೋಡೆ ಎಬ್ಬಿಸಿದ್ದರು. ಬೀದಿಯ ತಲೆಬಾಗಿಲು ಹಿರಿಯ ಹಾಲೇಶನಿಗೆ. ಹಿತ್ತಿಲ ಬಾಗಿಲೂ ತಾಯಿ ದ್ಯಾಮಮ್ಮನೂ ಕಿರಿಯ ಶಿವಕುಮಾರನಿಗೆ. ಕಲ್ಲು ಮಾತ್ರ ಗೋಡೆಯ ಗೆರೆಯ ಮೇಲೆಯೇ ಸಿಕ್ಕಿಕೊಂಡಿತ್ತು. ಮಾತಿಗೆ ಮಾತು ಬೆಳೆದು ಹಾಲೇಶ ಚೌಡಮ್ಮನ ಗುಡಿಯಲ್ಲಿ ಕರ್ಪೂರ ಹಚ್ಚಿ ಆಣೆಯಿಟ್ಟ: ಹಿತ್ತಿಲ ಕಡೆಯ ನರಪಿಳ್ಳೆಯೂ ತನ್ನ ಹೊಸ್ತಿಲು ತುಳಿಯಕೂಡದು. ತುಳಿಯುವುದಿಲ್ಲವೆಂದು ಶಿವಕುಮಾರನೂ ಅದೇ ಕರ್ಪೂರ ಮುಟ್ಟಿದ. ನಮ್ಮ ಕಡೆ ಕೋರ್ಟಿನ ತೀರ್ಪು ಮೀರಿದವರುಂಟು, ಆಣೆ ಮೀರಿದವರಿಲ್ಲ.

ಒಂದು ಮಧ್ಯಾಹ್ನ ಹುರುಳಿ ಕೇರುತ್ತಿದ್ದ ದ್ಯಾಮಮ್ಮ ಎದೆ ಹಿಡಿದುಕೊಂಡು ಕುಸಿದಳು. ಕಿರಿಯ ಸೊಸೆ ಅನುಪಮಾ ಆಂಬುಲೆನ್ಸ್ ಕರೆಸಿದಳು. ಅದು ಬೀದಿಯಲ್ಲಿ ನಿಂತಿತು. ಹಿತ್ತಿಲ ಓಣಿಯಲ್ಲಿ ಎಮ್ಮೆ ತಿರುಗಲೂ ಜಾಗವಿಲ್ಲ, ಸುತ್ತಿ ಬರಬೇಕಾದರೆ ತೆಂಗಿನ ತೋಟ ದಾಟಬೇಕು. ಅವಳು ಹಾಲೇಶನ ಕಡೆಯಿಂದ ಚಿಲಕ ಹಾಕಿದ್ದ ಗೋಡೆಯ ನಡುಬಾಗಿಲು ಗುದ್ದಿದಳು.

“ಭಾವ, ಚಿಲಕ ತಗೀರಿ! ಅತ್ತೆಗೆ ಉಸಿರು ಸಿಗ್ತಿಲ್ಲ!”

“ಆಣೆ ಮುರಿದ್ರೆ ನನ್ ಮಕ್ಕಳಿಗೆ ತಟ್ಟುತ್ತೆ ಕಣವ್ವ,” ಆಚೆಯಿಂದ ಹಾಲೇಶ ಅಳುತ್ತಲೇ ಹೇಳಿದ. “ಪೂಜಾರಿ ಬಂದು ತೀರ್ಥ ಹಾಕಿ ಬಿಡಿಸ್ಲಿ, ನಾನೇ ಹೊತ್ಕೊಂಡ್ ಹೋಗ್ತೀನಿ.”

“ಚೌಡಮ್ಮನೂ ತಾಯಿ ಅಲ್ವಾ? ನಿಮ್ಮವ್ವ ಸಾಯ್ಲಿ ಅಂತಾಳಾ?”

“ಅವನ್ನ ಬೇಡ್ಕೋಬ್ಯಾಡ ಕಣೇ,” ಎಂದ ಶಿವಕುಮಾರ. “ಪೂಜಾರಿಗೆ ಫೋನ್ ಮಾಡೀನಿ. ಊಟಕ್ಕೆ ಕೂತವ್ನಂತೆ, ಬತ್ತಾನೆ.”

ಗೋಡೆ ಎದ್ದ ಮೇಲೆ ಮೊದಲ ಸಲ ಅಣ್ಣತಮ್ಮಂದಿರು ಒಂದು ವಿಷಯಕ್ಕೆ ಒಪ್ಪಿದ್ದರು: ಕಾಯುವುದು. ಅನುಪಮಾ ಕಾಯಲಿಲ್ಲ. ಆಂಬುಲೆನ್ಸಿನವರನ್ನು ಓಣಿಯಿಂದ ಕರೆತಂದು ಅತ್ತೆಯನ್ನು ಸ್ಟ್ರೆಚರಿನಲ್ಲಿ ಹೊರಿಸಿದಳು. ತೋಟದ ನಡುವೆಯೇ ದ್ಯಾಮಮ್ಮನ ಉಸಿರು ನಿಂತಿತು. ಹೆಣವನ್ನು ಮತ್ತೆ ಹಿತ್ತಿಲ ಮನೆಗೆ ತಂದು ಮಲಗಿಸಿದರು.

ಪೂಜಾರಿ ತಿಮ್ಮಪ್ಪ ಬಾಯಿ ಒರೆಸಿಕೊಳ್ಳುತ್ತ ಬಂದು ತೀರ್ಪು ಕೊಟ್ಟ. “ಹೆಣಕ್ಕೆ ಆಣೆ ತಟ್ಟಲ್ಲ ಕಣ್ರಪ್ಪಾ. ಮನೆಗೆ ಹಿರಿಯವ್ಳು, ತಲೆಬಾಗ್ಲಲ್ಲೇ ಹೋಗ್ಬೇಕು. ತಗೀರಿ.”

ಚಿಲಕ ಸರಕ್ಕನೆ ಸರಿಯಿತು. ಅನುಪಮಾ ನಡುಬಾಗಿಲಿಗೆ ಅಡ್ಡ ಕೂತಳು.

“ಉಸಿರಿದ್ದಾಗ ತುಕ್ಕು ಹಿಡಿದಿತ್ತೇನು ಭಾವ, ಈ ಚಿಲಕ? ಬ್ಯಾಡ. ನಮ್ಮತ್ತೆ ಈ ದಾರೀಲಿ ಹೋಗಲ್ಲ.”

“ಏಳಮ್ಮ! ಹೆಣ್ಣೆಂಗ್ಸಿಗೆ ಶಾಸ್ತ್ರ ಏನ್ ಗೊತ್ತು?” ಎಂದ ತಿಮ್ಮಪ್ಪ.

“ಎದ್ದೇಳೇ,” ಗಂಡ ಹಲ್ಲು ಕಡಿದ. “ಊರ ಮುಂದೆ ಮಾನ ಕಳೀಬ್ಯಾಡ.”

“ಯಾವ ಮಾನ? ಆ ಕರ್ಪೂರ ನೀವೂ ಮುಟ್ಟಿದ್ರಲ್ಲ.”

ಅವಳು ಏಳಲಿಲ್ಲ. ಸಂಜೆಯವರೆಗೂ ಬೈದರು, ಬೇಡಿಕೊಂಡರು. ಕೊನೆಗೆ ದ್ಯಾಮಮ್ಮನ ಹೆಣವನ್ನು ಹಿತ್ತಿಲ ಬಾಗಿಲಿನಿಂದಲೇ ಒಯ್ದರು.