ಊರ ಮೇಲೆ ಬಿದ್ದ ಕೆಂಪು ಚುಕ್ಕೆ

ಕಾಡುಗೋಡಿಯ ರೈಲ್ವೆ ಸ್ಟೇಷನ್ನಿನ ಹಿಂದೆ ಸಾಲು ರೂಮುಗಳ ಒಂದು ಗಲ್ಲಿ ಇದೆ. ಅಲ್ಲಿ ನಲ್ಲಿ ನೀರು ಬಂದಾಗ ಮೊದಲ ಕೊಡವನ್ನು ಚೆಲ್ಲಬೇಕಿತ್ತು, ಅಷ್ಟು ವಾಸನೆ. ಆಮೇಲೆ ಬರುವ ನೀರು ಕಣ್ಣಿಗೆ ತಿಳಿಯಾಗಿರುತ್ತಿತ್ತು. ತಿಳಿಯಾಗಿದ್ದ ಮೇಲೆ ಅಡ್ಡಿಯೇನು ಎಂದು ಎಲ್ಲರೂ ಅದನ್ನೇ ಕುಡಿಯುತ್ತಿದ್ದರು. ಮಳೆಗಾಲ ಹಿಡಿದುಕೊಂಡ ಮೇಲೆ ಒಬ್ಬೊಬ್ಬರ ಕಣ್ಣೂ ಹಳದಿಯಾಗತೊಡಗಿತು.

ಕಣ್ಣು ಹಳದಿಯಾದವರು ಏನು ಮಾಡುತ್ತಿದ್ದರು? ಬ್ಯಾಗು ತುಂಬಿಕೊಂಡು ಊರಿನ ಬಸ್ಸು ಹತ್ತುತ್ತಿದ್ದರು. ಗಲ್ಲಿಯ ಹೆಚ್ಚಿನ ಜನ ಕೂಡ್ಲಿಗಿ, ಕುಷ್ಟಗಿ ಕಡೆಯಿಂದ ದುಡಿಯಲು ಬಂದವರು. ಇಲ್ಲಿ ದುಡಿಯುವುದು, ಕಾಯಿಲೆ ಬಿದ್ದರೆ ಊರಿಗೆ ಹೋಗಿ ಮಲಗುವುದು. ಸೊಪ್ಪಿನ ಔಷಧಿ ಕುಡಿದು, ಪಥ್ಯ ಮಾಡಿ, ಮೈ ಹಗುರವಾದ ಮೇಲೆ ತಿರುಗಿ ಬಂದು ಅದೇ ನಲ್ಲಿಗೆ ಕೊಡ ಹಿಡಿಯುವುದು. ಗಲ್ಲಿಯ ಭೀಮಪ್ಪನೂ ಹಾಗೇ ಹೋಗಿ ಬಂದಿದ್ದ.

ಅವನ ಪಕ್ಕದ ರೂಮಿನ ಗಾರೆ ಮೇಸ್ತ್ರಿ ಕೊಟ್ರಪ್ಪನಿಗೂ ಕಾಮಾಲೆ ಬಂದಿತ್ತು. ತಾರಸಿ ಮೋಲ್ಡಿಂಗ್ ಕೆಲಸ ಬಿಡಲಾಗದೆ ಅವನು ಊರಿಗೆ ಹೋಗದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೇ ತೋರಿಸಿಕೊಂಡು ಗುಣವಾಗಿದ್ದ. ಗುಣವಾಯಿತಲ್ಲ, ಅಲ್ಲಿಗೆ ಅವನ ಪಾಲಿಗೆ ಆ ಕಾಯಿಲೆಯ ಮಾತು ಮುಗಿದಿತ್ತು. ಆದರೆ ಅದೇ ಮನೆಯಲ್ಲಿ ಅವನ ಸೊಸೆ ಶೈಲಾ ಏಳು ತಿಂಗಳ ಬಸುರಿ.

ಒಂದು ಭಾನುವಾರ ಆಶಾ ಕಾರ್ಯಕರ್ತೆ ವಸಂತಮ್ಮ ಶೈಲಾಳನ್ನು ನೋಡಲು ಬಂದಳು. ನೀರಿನಿಂದ ಬರುವ ಕಾಮಾಲೆ ಬಸುರಿಯರಿಗೆ ತುಂಬ ಅಪಾಯ, ತಾಯಿಯ ಜೀವಕ್ಕೇ ಬರಬಹುದು, ಕುಡಿಯುವ ನೀರನ್ನು ಚೆನ್ನಾಗಿ ಕುದಿಸಲೇಬೇಕು ಎಂದು ಹೇಳಿದಳು. ಹಿಂದೆಯೂ ಹೇಳಿದ್ದಳು. ಹೇಳಿದ ದಿನ ಕೊಟ್ರಪ್ಪನ ಹೆಂಡತಿ ಚನ್ನಕ್ಕ ನೀರು ಕುದಿಸುತ್ತಿದ್ದಳು. ಮರುದಿನ ಗ್ಯಾಸು ಬೇಗ ಖಾಲಿಯಾಗುತ್ತದೆ ಎಂದು ಕೊಟ್ರಪ್ಪ ಗೊಣಗಿದರೆ ಬಿಟ್ಟುಬಿಡುತ್ತಿದ್ದಳು.

ಈ ಸಲ ವಸಂತಮ್ಮ ಬರೀ ಮಾತಾಡಿ ಎದ್ದು ಹೋಗಲಿಲ್ಲ. ಫೋನು ತೆಗೆದು ಒಂದು ವೆಬ್‌ಸೈಟು ತೆರೆದಳು. ಪರದೆಯ ಮೇಲೆ ನಕ್ಷೆ ಬಂತು. ಆಸ್ಪತ್ರೆಗೆ ಬಂದ ಒಬ್ಬೊಬ್ಬ ಕಾಮಾಲೆ ರೋಗಿಗೂ ಅದರಲ್ಲಿ ಒಂದು ಕೆಂಪು ಚುಕ್ಕೆ, ಅವರು ಕೊಟ್ಟ ವಿಳಾಸದ ಜಾಗದಲ್ಲಿ. ಚುಕ್ಕೆಗಳು ಎಲ್ಲಿ ಗುಂಪಾಗಿವೆಯೋ ಅಲ್ಲಿ ನೀರು ಕೆಟ್ಟಿರಬಹುದು ಎಂದು ಅರ್ಥ. ಊರುಕೇರಿಯ ಹೆಸರುಗಳೆಲ್ಲ ಕನ್ನಡದಲ್ಲೇ ಇದ್ದವು. ಕೊಟ್ರಪ್ಪ ಮನೆ ಪ್ಲಾನು ನೋಡಿ ಪಳಗಿದ ಕಣ್ಣಿನವನು. ರೈಲು ಹಳಿ ಹಿಡಿದು ಬೆರಳಾಡಿಸುತ್ತ ತಮ್ಮ ಗಲ್ಲಿಯನ್ನು ತಾನೇ ಹುಡುಕಿದ. ಗಲ್ಲಿಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಅವನ ಮುಖ ಅರಳಿತು.

"ನೋಡಮ್ಮಾ, ನಿನ್ನ ಫೋನೇ ಹೇಳ್ತೈತಿ. ನಮ್ಮ ಗಲ್ಲ್ಯಾಗ ಏನೂ ಇಲ್ಲ. ನೀರು ಕುದಸು ಕುದಸು ಅಂತ ಸುಮ್ನೆ ಯಾಕ ಜೀವ ತಿಂತಿ?"

ವಸಂತಮ್ಮ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ಹಂಗಾದ್ರೆ ಭೀಮಪ್ಪನ ಚುಕ್ಕೆ ಎಲ್ಲೋಯ್ತಣ್ಣ? ನಿಮ್ದೆಲ್ಲಿ?"

ವಸಂತಮ್ಮ ಎರಡು ಬೆರಳು ಕೂಡಿಸಿ ನಕ್ಷೆಯನ್ನು ಚಿಕ್ಕದು ಮಾಡಿದಳು. ಗಲ್ಲಿ ಮಾಯವಾಯಿತು, ಕಾಡುಗೋಡಿ ಮಾಯವಾಯಿತು, ಬೆಂಗಳೂರೇ ಒಂದು ರೊಟ್ಟಿಯಷ್ಟಾಯಿತು. ನಕ್ಷೆಯನ್ನು ಕೆಳಕ್ಕೆ ಜಾರಿಸಿ, ಮೇಲಿನ ಕೂಡ್ಲಿಗಿ ಕಡೆಯನ್ನು ಮತ್ತೆ ದೊಡ್ಡದು ಮಾಡಿದಳು. ಒಂದು ಹಳ್ಳಿಯ ಮೇಲೆ ಒಂಟಿ ಕೆಂಪು ಚುಕ್ಕೆ ಕೂತಿತ್ತು. ಅದು ಕೊಟ್ರಪ್ಪ ಹುಟ್ಟಿದ ಹಳ್ಳಿ. ಅಲ್ಲಿಂದ ತುಸು ದೂರದಲ್ಲಿ, ಭೀಮಪ್ಪನ ಊರಿನ ಮೇಲೂ ಒಂದಿತ್ತು. ಔಷಧಿಗೆಂದು ಹೋದವನು ಅಲ್ಲಿಯ ಆಸ್ಪತ್ರೆಯಲ್ಲೂ ರಕ್ತ ಪರೀಕ್ಷೆ ಮಾಡಿಸಿದ್ದನಂತೆ.

ಈಗ ಕೊಟ್ರಪ್ಪನಿಗೆ ಸಿಟ್ಟು ನೆತ್ತಿಗೇರಿತು. "ನಮ್ಮೂರ ನೀರಿನ ಹೆಸರು ಯಾಕ ಕೆಡಸ್ತೀರಿ? ಆ ಬಾವಿ ನೀರು ಕುಡದು ನಮ್ಮವ್ವ ಇವತ್ತಿಗೂ ಗಟ್ಟಿ ಅದಾಳ. ನನಗ ಕಾಮಣಿ ಬಂದಿದ್ದು ಇಲ್ಲೆ, ಈ ಕಾಡುಗೋಡ್ಯಾಗ."

"ನಾನೂ ಅದನ್ನೇ ಹೇಳ್ತಿರೋದು ಅಣ್ಣ. ಇಲ್ಲಿ ಹಿಡಿದ ಕಾಯಿಲೆಗೆ ಅಲ್ಲಿ ಚುಕ್ಕೆ ಬಿದ್ದಿದೆ. ನೀರು ಪರೀಕ್ಷೆ ಮಾಡೋರು ಈ ನಕ್ಷೆ ನೋಡ್ಕೊಂಡು ಹೊರಡ್ತಾರೆ. ಅವ್ರ ಕಣ್ಣಿಗೆ ನಿಮ್ಮ ಗಲ್ಲಿ ಖಾಲಿ. ಖಾಲಿ ಅಂದ್ರೆ ಕಾಯಿಲೆ ಇಲ್ಲ ಅಂತಲ್ಲ. ಯಾರೂ ಹೇಳಿಲ್ಲ ಅಂತ."

ಒಲೆಯ ಮುಂದಿದ್ದ ಚನ್ನಕ್ಕ ತಿರುಗಿದಳು. "ಇಷ್ಟು ವರ್ಷ ಇರೋದು ಇಲ್ಲಿ, ಆಸ್ಪತ್ರ್ಯಾಗ ವಿಳಾಸ ಕೇಳಿದ್ರ ಎದಿ ಉಬ್ಬಿಸಿ ಊರ ಕಾರ್ಡು ಕೊಟ್ಟೋರು ಯಾರು? ಈಗ ಇವ್ರ ಮ್ಯಾಲ ಹಾರಾಡಿದ್ರ ಏನ್ ಬಂತು?"

ಅದು ನಿಜವೇ ಆಗಿತ್ತು. ಅವನ ಗುರುತಿನ ಕಾರ್ಡಿನಲ್ಲಿರುವುದು ಊರಿನ ವಿಳಾಸ. ಕಾರ್ಡು ಬೇಡವೆಂದರೂ ಕೊಟ್ರಪ್ಪ ಊರನ್ನೇ ಹೇಳುವವನು. ಬಾಡಿಗೆ ರೂಮನ್ನು ತನ್ನ ವಿಳಾಸ ಎನ್ನಲು ಅವನಿಗೆ ಎಂದೂ ಮನಸ್ಸು ಬಂದಿರಲಿಲ್ಲ.

ಆದರೂ ಅವನು ಒಮ್ಮೆಗೇ ಒಪ್ಪಲಿಲ್ಲ. ಚುಕ್ಕೆ ಇಲ್ಲಿ ಬಿದ್ದರೆ ಓನರ್ ಹನುಮಂತರಾಯಪ್ಪ ರೂಮು ಖಾಲಿ ಮಾಡಿಸಿದರೆ? ತುಂಬು ಬಸುರಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಅದು ನ್ಯಾಯವಾದ ಭಯವೇ. ವಸಂತಮ್ಮ ಚುಕ್ಕೆಯನ್ನು ಒತ್ತಿ ತೋರಿಸಿದಳು. ಅದರಲ್ಲಿ ರೋಗಿಯ ಹೆಸರಿಲ್ಲ, ಬಾಗಿಲ ನಂಬರಿಲ್ಲ, ಫೋನ್ ನಂಬರಿಲ್ಲ. ಯಾವ ಬೀದಿಯ ಯಾವ ಬದಿ, ಯಾವ ವಾರ, ಅಷ್ಟೇ.

ಕೊಟ್ರಪ್ಪ ಸೊಸೆಯ ಕಡೆ ನೋಡಿದ. ಶೈಲಾ ಕೈಯಲ್ಲಿ ನೀರಿನ ಚೊಂಬು ಹಿಡಿದಿದ್ದಳು.

"ಮಾವಾ, ಈ ನೀರು ನಾ ಕುಡೀಲೋ ಬ್ಯಾಡೋ? ಅಷ್ಟು ಹೇಳ್ರಿ."

ಕೊಟ್ರಪ್ಪ ಎದ್ದು ಹೋಗಿ ಅವಳ ಕೈಯಿಂದ ಚೊಂಬು ಇಸಿದುಕೊಂಡು ಬಚ್ಚಲಿಗೆ ಚೆಲ್ಲಿದ. ಚನ್ನಕ್ಕ ದೊಡ್ಡ ಪಾತ್ರೆಯನ್ನು ಒಲೆಗಿಟ್ಟಳು. ಆಮೇಲೆ ಅವನು ಅಂಗಿ ಹಾಕಿಕೊಂಡು ವಸಂತಮ್ಮನ ಜೊತೆ ಮನೆಮನೆಗೂ ಹೊರಟ. ಮೇಸ್ತ್ರಿಯ ಗಂಟಲು ಗೊತ್ತಲ್ಲ, ಕೆಲವರಿಗೆ ಬುದ್ಧಿ ಹೇಳಿದ, ಕೆಲವರನ್ನು ಬೈದೇ ಹೇಳಿಸಿದ. ಕಾಯಿಲೆ ಬಿದ್ದಾಗ ಎಲ್ಲಿದ್ದಿರಿ, ಯಾವ ನಲ್ಲಿಯ ನೀರು ಕುಡಿದಿರಿ ಎಂದು ವಸಂತಮ್ಮ ಕೇಳಿ ಬರೆದುಕೊಂಡಳು. ಆ ಪಟ್ಟಿ ನೋಡಿ ಆಸ್ಪತ್ರೆಯವರು ವಿಳಾಸ ತಿದ್ದಿದರು.

ಆ ವಾರದಲ್ಲೇ ನಕ್ಷೆಯ ರೂಪ ಬದಲಾಯಿತು. ದೂರದ ಹಳ್ಳಿಗಳಲ್ಲಿ ಒಂಟಿಯಾಗಿದ್ದ ಚುಕ್ಕೆಗಳು ಗಲ್ಲಿಗೆ ಬಂದು ಸೇರಿದವು. ಬಂದವೂ ಹೇಗೆ? ಗಲ್ಲಿಯ ಎಡಬದಿಗೆ ಮಾತ್ರ, ದಾರ ಹಿಡಿದ ಹಾಗೆ ಒಂದೇ ಸಾಲು. ಬಲಬದಿಯಲ್ಲಿ ಒಂದೂ ಇಲ್ಲ. ಬಾಯಲ್ಲಿ ಎಷ್ಟು ಹೇಳಿಕೊಂಡಿದ್ದರೂ ಯಾರಿಗೂ ಹೊಳೆಯದ್ದು ಚಿತ್ರದಲ್ಲಿ ಕಣ್ಣಿಗೆ ಹೊಡೆಯಿತು. ಎಡಬದಿಯ ಮನೆಗಳಿಗೆ ನೀರು ಬರುವ ಪೈಪೇ ಬೇರೆ. ಹನುಮಂತರಾಯಪ್ಪ ಮೊದಲು ಕೂಗಾಡಿದ. ಚುಕ್ಕೆಗಳ ಸಾಲು ತನ್ನ ಮನೆಯ ಬದಿಗೇ ಇದೆ, ಅದೇ ಪೈಪು ತನ್ನ ಮನೆಗೂ ಹೋಗುತ್ತದೆ ಎಂದು ನಕ್ಷೆ ನೋಡಿ ತಿಳಿದ ಮೇಲೆ ನೀರಿನ ಕಚೇರಿಗೆ ತಾನೇ ಫೋನು ಮಾಡಿದ.

ಕಚೇರಿಯವರು ಬಂದು ಮೋರಿ ದಾಟುವ ಜಾಗದಲ್ಲಿ ಅಗೆದರು. ಪೈಪಿನ ಜಾಯಿಂಟು ಬಿರುಕು ಬಿಟ್ಟು, ಮೋರಿಯ ಕೊಳಚೆಯಲ್ಲೇ ಮುಳುಗಿತ್ತು. ಅದನ್ನು ಬದಲಿಸಿದರು. ನೀರು ಸರಿಯಾಗಿದೆ ಎಂದು ಪರೀಕ್ಷೆಯಲ್ಲಿ ಗೊತ್ತಾಗುವ ತನಕ ಗಲ್ಲಿಯವರೆಲ್ಲ ಕುದಿಸಿಯೇ ಕುಡಿದರು. ಶೈಲಾಳ ರಕ್ತ ಪರೀಕ್ಷೆ ಚೆನ್ನಾಗಿ ಬಂತು, ದೀಪಾವಳಿ ಹೊತ್ತಿಗೆ ಹೆಣ್ಣು ಮಗುವಾಯಿತು. ಮಗುವಿಗೆ ಲಸಿಕೆ ಹಾಕಿಸಲು ಹೋದಾಗ ನರ್ಸು ವಿಳಾಸ ಕೇಳಿದಳು. ಕೊಟ್ರಪ್ಪ ಗಲ್ಲಿಯ ಹೆಸರು, ರೂಮಿನ ನಂಬರು ಎಲ್ಲ ಗಟ್ಟಿಯಾಗಿ ಹೇಳಿದ.

ದುಡಿಯಲು ಬಂದ ಅಣ್ಣಂದಿರೇ, ಅಕ್ಕಂದಿರೇ, ಊರ ಮೇಲಿನ ಅಭಿಮಾನ ಊರಿನ ಹಬ್ಬಕ್ಕಿರಲಿ. ಆಸ್ಪತ್ರೆಯಲ್ಲಿ ಈಗ ಇರುವ ಜಾಗ ಹೇಳಿ, ಯಾವ ನೀರು ಕುಡಿದಿರಿ ಹೇಳಿ. ನಕ್ಷೆ ತಾನಾಗಿ ಏನನ್ನೂ ಕಾಣುವುದಿಲ್ಲ, ನೀವು ಹೇಳಿದ್ದನ್ನಷ್ಟೇ ತೋರಿಸುತ್ತದೆ. ನಿಮ್ಮ ಬೀದಿ ಅದರಲ್ಲಿ ಖಾಲಿ ಕಂಡರೆ ಸಮಾಧಾನ ಪಟ್ಟುಕೊಂಡು ಕೂರಬೇಡಿ, ಅಕ್ಕಪಕ್ಕದವರ ಕಣ್ಣು ನೋಡಿ. ಹಳದಿಯಾಗಿದ್ದರೆ ಇವತ್ತೇ ಕರೆದುಕೊಂಡು ಹೋಗಿ ತೋರಿಸಿ. ನೀರು ಸರಿಯಾಗಿದೆ ಎಂದು ಗೊತ್ತಾಗುವ ತನಕ ಕುದಿಸಿ ಕುಡಿಯಿರಿ. ಗ್ಯಾಸು ಖಾಲಿಯಾದರೆ ಇನ್ನೊಂದು ತರಬಹುದು.