ಮಲ್ಲಯ್ಯನ ಪಟ ಕಟ್ಟಿಕೊಂಡ ವ್ಯಾನು

ನಾನು ಒಂದು ವ್ಯಾನು. ಕಾರ್ಖಾನೆಯಿಂದ ಹೊರಬಿದ್ದಾಗ ನನ್ನ ಮೈ ಹಾಲಿನ ಕೆನೆಯಂತಿತ್ತು. ಮುಂದಿನ ಸೀಟಿನಡಿ ಎಂಜಿನ್ನು, ಮೂತಿಯೊಳಗೆ ರೇಡಿಯೇಟರ್ ಎಂಬ ಪುಟ್ಟ ಕೊಳ. ಗಾಳಿ ಬಡಿದು ಕೊಳದ ನೀರು ತಣ್ಣಗಾದರೆ ಎಂಜಿನ್ನೂ ತಣ್ಣಗೆ. ಅಜ್ಜಿಕತೆಯ ರಾಕ್ಷಸಿಯ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿತ್ತಂತೆ. ನನ್ನ ಜೀವ ಎದುರುಗಾಳಿಯಲ್ಲಿತ್ತು.

ಮೊದಲು ಗದಗಿನ ಡಾಕ್ಟರೊಬ್ಬರ ಮನೆಯಲ್ಲಿದ್ದೆ. ಅವರು ಕಾರು ಕೊಂಡ ಮೇಲೆ ಬಳೆ ಮಾರುವ ದ್ಯಾಮಣ್ಣನ ಕೈಸೇರಿದೆ. ಅವನನ್ನೂ ಅವನ ತಾಯಿ ನೀಲವ್ವನನ್ನೂ ಸಂತೆಯಿಂದ ಸಂತೆಗೆ ಹೊತ್ತು, ಗಾಜಿನ ಬಳೆಗಳ ಗಿಲಗಿಲ ಕೇಳುತ್ತಲೇ ಮುದಿಯಾದೆ. ಕೊಳ ಸೋರತೊಡಗಿತು. ದ್ಯಾಮಣ್ಣ ಅದರೊಳಗೆ ಅರಿಷಿಣಪುಡಿ ಸುರಿದು ಸೋರಿಕೆ ನಿಲ್ಲಿಸಿದ. ಸೋರಿಕೆಯೇನೋ ನಿಂತಿತು, ನನ್ನ ನರಗಳೂ ಅರ್ಧ ಕಟ್ಟಿಕೊಂಡವು.

ಈ ಬೇಸಿಗೆಯಲ್ಲಿ ತಾಯಿ ಮಗ ಶ್ರೀಶೈಲಕ್ಕೆ ಹೊರಟರು. ಎಲ್ಲರೂ ಕಟ್ಟುವಂತೆ ನನ್ನ ಮೂತಿಗೂ ಅಡ್ಡಲಾಗಿ ಅಲ್ಲಿನ ದೇವರು ಮಲ್ಲಯ್ಯನ ಫ್ಲೆಕ್ಸ್ ಪಟ ಕಟ್ಟಿದರು. ಹೋಗುವಾಗ ನಸುಕಿನ ತಂಪಿತ್ತು, ಹೇಗೋ ತಡೆದುಕೊಂಡೆ.

ಮರಳುವಾಗ ಸುಡುಬಿಸಿಲಲ್ಲಿ ಫೋನು ಬಂತು. ನೀಲವ್ವನ ತಂಗಿ ಬಾಳವ್ವನಿಗೆ ಕೊನೆಯುಸಿರು. "ಅಕ್ಕ ಬಂದ್ಲೇನು?" ಎಂದಷ್ಟೇ ಕೇಳುತ್ತಿದ್ದಳಂತೆ.

"ಜೋರ ಹೊಡಿ ದ್ಯಾಮಾ, ಅಕಿ ಬಾಯಾಗ ಪಾತಾಳಗಂಗಿ ನೀರು ನಾನಽ ಬಿಡಬೇಕು," ಎಂದು ನೀಲವ್ವ ಶ್ರೀಶೈಲದಲ್ಲಿ ತುಂಬಿಕೊಂಡಿದ್ದ ತೀರ್ಥದ ಕ್ಯಾನು ತೊಡೆಗೆ ಅವಚಿಕೊಂಡಳು.

ನನಗೆ ಉಸಿರು ಕಟ್ಟಿತು. ಸೀಟಿನಡಿಯಿಂದ ಹಬೆಯೆದ್ದಿತು. ದ್ಯಾಮಣ್ಣ ಬಟಾಬಯಲಲ್ಲಿ ನಿಲ್ಲಿಸಿದ.

"ಯವ್ವಾ, ಪಟ ಗಾಳಿ ತಡೀತೈತಿ. ಬಿಚ್ಚಲೇನು?"

"ದೇವರ ಮಾರಿ ಹಾದ್ಯಾಗ ಕಿತ್ರ ನಿನ್ನ ಚಿಗವ್ವ ಉಳೀತಾಳೇನೋ? ಮನಿ ಮುಟ್ಟೂತನ ಕೈ ಹಚ್ಚಬ್ಯಾಡ."

"ಹಂಗಾರ ಮಲ್ಲಯ್ಯನಽ ಇಳದು ದಬ್ಬಲಿ!"

ಕುಡಿಯುವ ನೀರು ಮುಗಿದಿತ್ತು, ಸುತ್ತ ಒಂದು ಹಳ್ಳವೂ ಇಲ್ಲ. ನೀಲವ್ವ ತೀರ್ಥದ ಕ್ಯಾನಿನ ಮುಚ್ಚಳ ತಾನೇ ತಿರುವಿ ತೆಗೆದಳು. ಆಮೇಲೆ ಕ್ಯಾನನ್ನು ಮಗನ ಕೈಗಿಟ್ಟಳು. "ಹಾಕು. ತೀರ್ಥ ಇಲ್ಲಂದ್ರ ಇಲ್ಲ. ನನ್ನ ಮಾರಿಯಾರ ನೋಡಲಿ."

ನಾನು ಆರುವ ತನಕ ಕಾಯುವ ತಾಳ್ಮೆ ಯಾರಿಗಿತ್ತು? ಕೆಂಡವಾಗಿದ್ದ ನನ್ನೊಳಗೆ ತಣ್ಣೀರು ಬಿತ್ತು. ಟಪ್ಪೆಂದು ಎಂಜಿನ್ನು ಸೀಳಿಹೋಯಿತು.

ಅವರು ಲಾರಿ ಹತ್ತಿ ಮುಟ್ಟುವಷ್ಟರಲ್ಲಿ ಬಾಳವ್ವನ ಹೆಣಕ್ಕೆ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿದ್ದರಂತೆ.

ಈಗ ಗುಜರಿ ಅಂಗಡಿಯ ಹಿಂದೆ ಬಿದ್ದಿದ್ದೇನೆ. ನೀಲವ್ವ ಒಮ್ಮೆ ಬಂದಿದ್ದಳು, ಕೈಯಲ್ಲಿ ಸಣ್ಣ ಗಿಂಡಿ.

"ಇದರಾಗ ಆ ನೀರು ಒಂದ್ ಹನಿಯಾರ ಉಳದೈತೇನಪ್ಪಾ? ತಂಗೀನ ಹುಗಿದ ಮಣ್ಣಿನ ಮ್ಯಾಲ ಚಿಮುಕಿಸಬೇಕು."

ಗುಜರಿಯವನು ಸೀಟೆತ್ತಿ ಬಗ್ಗಿ ನೋಡಿದ. "ಎಲ್ಲಾ ಸೋರಿ ಹೋಗೇತಿ ಯವ್ವಾ."

ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಹಗುರಾಗುತ್ತಿದ್ದೆ. ನನ್ನ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಬರಿಗಿಂಡಿ ಹಿಡಿದು ಹೊರಟುಹೋದಳು.

ನನ್ನನ್ನು ಕರಗಿಸಿ ಮತ್ತೇನನ್ನೋ ಮಾಡುತ್ತಾರಂತೆ. ಮತ್ತೆ ಹುಟ್ಟುವ ಆಸೆ ನನಗಿಲ್ಲ.