ಮರದ ಕೆಳಗಿನ ಬರಿಮಣ್ಣು

"ಈಗ ಇಷ್ಟೊಂದು ಕುರ್ಚಿ ಎಲ್ಲಿ ಹಾಕೋದು?"

ಎರಡೂ ಕೈಗೆ ಮಡಚುಕುರ್ಚಿಗಳನ್ನು ನೇತುಹಾಕಿಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತ ಭಾವ ಹಾಗೆ ಕೇಳಿದ್ದು ಯಾರನ್ನೂ ಅಲ್ಲ. ತಮ್ಮ ತೀರಿಕೊಂಡ ಸುದ್ದಿ ಬಂದಾಗಿನಿಂದ ಅವರು ಕೂತಿರಲಿಲ್ಲ. ಕೂತರೆ ಅಳು ಬರುತ್ತದೆಂಬ ಹೆದರಿಕೆಗೋ ಏನೋ, ಏನಾದರೊಂದನ್ನು ಎತ್ತಿ ಇನ್ನೆಲ್ಲೋ ಇಡುತ್ತಲೇ ಇದ್ದರು. ಬೇಸಿಗೆಯ ಬಿಸಿಲು ಹಿತ್ತಿಲನ್ನು ಕಾದ ಕಾವಲಿ ಮಾಡಿತ್ತು. ನೆರಳು ಅಂತ ಇದ್ದದ್ದು ಮೂಲೆಯ ದೊಡ್ಡ ಮರದ ಕೆಳಗೆ ಮಾತ್ರ. ಅಲ್ಲಿ, ಒಂದು ಹುಲ್ಲುಕಡ್ಡಿಯೂ ಇಲ್ಲದ ಮಣ್ಣಿನ ಅಂಚಿನಲ್ಲಿ, ಸತ್ತವನ ಹೆಂಡತಿ ನಿಂತಿದ್ದಳು.

"ಸ್ವಲ್ಪ ಈಚೆ ಬಾಮ್ಮ. ಮಣ್ಣು ಮಾಡಿ ಬಂದೋರು ನೆರಳಲ್ಲಿ ಕೂತ್ಕೋಬೇಕಲ್ಲ."

"ಇಲ್ಲಿ ಬೇಡ ಭಾವ."

"ಇಲ್ಲೇನಿದೆ? ಬರೀ ಮಣ್ಣು."

"ಒಳಗೆ ಮಲಗಿವೆ. ಮೇಲೇನೇ ಇವೆ, ಒಂದು ಬೆರಳು ಆಳ. ಕುರ್ಚಿ ಕಾಲು ನಾಟತ್ತೆ."

ಭಾವ ಕುರ್ಚಿಗಳನ್ನು ಕೆಳಗಿಟ್ಟು, ಬಾಗಿಲಿಗೊರಗಿ ನಿಂತಿದ್ದ ಲಾಂಡ್ರಿಯವಳ ಮುಖ ನೋಡಿದರು. ಸತ್ತವನ ಜೊತೆ ಲಾಂಡ್ರಿಯಲ್ಲಿ ಎದುರುಮೇಜಿನಲ್ಲಿ ನಿಂತು ಅರ್ಧ ಆಯುಸ್ಸು ಹೋಟೆಲಿನ ಹಾಸುಗಳನ್ನು ಮಡಿಸಿದ ಹೆಂಗಸು ಆಕೆ.

"ಪಾಪ, ತಲೆ ನಿಂತಿಲ್ಲ," ಎಂದು ಆಕೆ ಪಿಸುಗುಟ್ಟಿದಳು. ಉಗಿಯಂತ್ರಗಳ ಗದ್ದಲದಲ್ಲಿ ಕಲಿತ ಪಿಸುಮಾತು ಅದು; ಇಡೀ ಹಿತ್ತಿಲಿಗೆ ಕೇಳಿಸಿತು.

ಅವಳಿಗೂ ಕೇಳಿಸಿತು. ಹುಚ್ಚು ಅಂದುಕೊಂಡರೆ ಅಂದುಕೊಳ್ಳಲಿ, ನೆಲ ತುಳಿಯದಿದ್ದರೆ ಸಾಕು ಎಂದುಕೊಂಡಳು. ಇನ್ನು ಕೆಲವೇ ತಿಂಗಳಿಗೆ ಚಳಿ ಬರುತ್ತದೆ. ಅವನಿಲ್ಲದ ಚಳಿ.

ಒಳಗಿನಿಂದ ಲಾಂಡ್ರಿಯ ಜೊತೆಗಾರರ ಮಾತು ತೇಲಿಬರುತ್ತಿತ್ತು.

"ಇಸ್ತ್ರಿಯಣ್ಣ ಮಡಿಸಿದ ಹಾಸು ಬಿಚ್ಚೋಕೆ ಮನಸ್ಸು ಬರ್ತಿರ್ಲಿಲ್ಲ ಕಣ್ರೀ. ನಾನು ಮಡಿಸಿದ್ದು ಬೆಕ್ಕು ಮಲಗಿ ಎದ್ದ ಹಾಗಿರೋದು."

"ಮಾತು ಮಾತ್ರ ಅಳೆದು ಸುರಿದು."

"ಆದ್ರೆ ಹೂವಿನ ವಿಷಯಕ್ಕೆ ಬಂದ್ರೆ ಬಾಯಿ ಮುಚ್ಚಿಸೋಕಾಗ್ತಿರ್ಲಿಲ್ಲ. ಚಳಿಗಾಲ ಪೂರ್ತಿ ಅದೇ ಪುರಾಣ. ಮೊಗ್ಗು ಬಂತು, ಎಲೆ ಬಂತು. ಏನು ಹುಚ್ಚೋ ಅಂತ ನಗಾಡ್ತಿದ್ವಿ."

*

ಮಗಳು ಆಗ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಚಳಿ ಕಾಲಿಟ್ಟಿತೆಂದರೆ ತಾಯಿಯೊಳಗಿನ ದೀಪ ಆರುತ್ತಿತ್ತು. ಇಂಥದ್ದೇ ಅಂತ ಕಾರಣವಿರಲಿಲ್ಲ. ಇದ್ದಿದ್ದರೆ ಗಂಡ ಆ ಕಾರಣದ ಜೊತೆಗಾದರೂ ಜಗಳಕ್ಕೆ ನಿಲ್ಲುತ್ತಿದ್ದ. ಹಿತ್ತಿಲ ಕಿಟಕಿಯ ಪಕ್ಕದ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಆ ವರ್ಷ ಬಾಯಿ ಬಿಟ್ಟೇ ಹೇಳಿದಳು: "ನಂಗೆ ಇನ್ನು ಇರೋದು ಬೇಡ."

ಮರುದಿನ ಸಂಜೆ ಅವನು ಕಾಗದದ ಚೀಲ ಹಿಡಿದು ಬಂದ. ಒಣಗಿದ ಮಣ್ಣಹೆಂಟೆಯಂಥ ಚಪ್ಪಟೆ ಗೆಡ್ಡೆಗಳನ್ನು ಹಾಸಿಗೆಯ ಮೇಲೆ ಸುರಿದ.

"ಸೈಕ್ಲಮೆನ್ ಅಂತೆ," ಎಂದು ಅವಳ ಬೆನ್ನಿಗೆ ಹೇಳಿದ. "ಮರದ ಕೆಳಗೆ ಏನೂ ಬರಲ್ಲ ಅಂತೀಯಲ್ಲ, ಇದು ಬರತ್ತಂತೆ. ನೀರೆಲ್ಲ ಮರಾನೇ ಕುಡಿದ್ರೂ ಇದಕ್ಕೆ ಬೇಜಾರಿಲ್ವಂತೆ. ಬೇರೆಯವು ಉದುರಿಸೋವಾಗ ಇದು ಎಲೆ ಬಿಡೋದು. ಚಳಿ ಮುಗಿಯೋದ್ರೊಳಗೆ, ಬೇರೆ ಗಿಡ ಇನ್ನೂ ಕಣ್ಣೇ ಬಿಟ್ಟಿರಲ್ಲ, ಆಗ ಹೂವು. ಆರೈಕೆ ಬೇಡ. ಬೀಜದ ಮೇಲೆ ಏನೋ ಸಿಹಿ ಇರತ್ತಂತೆ, ಇರುವೆಗಳೇ ಹೊತ್ಕೊಂಡು ಹೋಗಿ ಅಲ್ಲಲ್ಲಿ ಬಿತ್ತುತ್ವೆ. ಬೇಸಿಗೇಲಿ ಸತ್ತೇಹೋಯ್ತೇನೋ ಅನ್ನೋ ಹಾಗೆ ಮಲಗಿಬಿಡತ್ತೆ. ಒಂದು ಗೆಡ್ಡೆ ನಮಗಿಂತ ಜಾಸ್ತಿ ಬಾಳತ್ತಂತೆ."

"ಯಾರು ಹೇಳಿದ್ದು?"

"ಮಾರೋನು."

"ಮಾರೋನು ಇನ್ನೇನು ಹೇಳ್ತಾನೆ."

ಎಷ್ಟೋ ದಿನದ ಮೇಲೆ ಅವಳು ಆಡಿದ ಮೊದಲ ಕೊಂಕುಮಾತು. ಅವನು ಅದನ್ನು ಬೈಗುಳ ಎಂದುಕೊಳ್ಳಲಿಲ್ಲ. ಕಿಟಕಿಯಿಂದ ಕಾಣುವ ಹಾಗೆ ಮರದ ಕೆಳಗೆ ನೆಟ್ಟು, ಕೈಯ ಮಣ್ಣನ್ನೂ ತೊಳೆಯದೆ ಒಳಗೆ ಬಂದು ಮಂಚದ ಪಕ್ಕ ಕೂತ.

"ಹೂ ಬರೋ ತನಕ ಇರು. ಆಮೇಲೆ ನಿನ್ನಿಷ್ಟ."

ಹೂ ಬರಲಿಲ್ಲ. ಬರುತ್ತದೆ ಎಂದ ಕಾಲ ಬಂತು, ಹೋಯಿತು. ಮಣ್ಣು ಮಣ್ಣಾಗಿಯೇ ಇತ್ತು. ಅವನು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತು ನೆಲ ನೋಡುವುದನ್ನು ಅವಳು ಕಿಟಕಿಯಿಂದ ನೋಡುತ್ತಿದ್ದಳು. ಮೋಸ ಮಾಡಿದ ಎಂಬ ಸಿಟ್ಟು ಹತ್ತಿತು. ಆ ಸಿಟ್ಟಿಗೇ ಕಾದಳು. ಬರದ ಹೂವನ್ನು ಅವನ ಮುಖಕ್ಕೆ ಹಿಡಿಯದೆ ಹೋಗುವುದಿಲ್ಲ ಎಂದು ಕಾದಳು.

ಮಿಕ್ಕ ಗಿಡಗಳೆಲ್ಲ ಚಿಗುರಿದ ಮೇಲೆ ಒಂದು ಬೆಳಿಗ್ಗೆ, ಮಂಚದ ಅಡಿಯಿಂದ ತೆವಳಿಕೊಂಡು ಬರುವ ಮಗುವಿನ ಹಾಗೆ, ಸೊಟ್ಟ ದಂಟೊಂದು ಮಣ್ಣಿನಿಂದ ಈಚೆ ಬಂದಿತ್ತು. ತುದಿಯಲ್ಲಿ ರೆಕ್ಕೆ ಹಿಂದಕ್ಕೆ ಮಡಚಿಕೊಂಡ ಒಂದೇ ಒಂದು ಗುಲಾಬಿ ಬಣ್ಣದ ಹೂವು. ಅವನು ಬೆರಳಲ್ಲಿ ಮಣ್ಣು ಸರಿಸಿ ನೋಡಿ, ತಲೆಯ ಮೇಲೆ ಕೈ ಹೊತ್ತು ಕೂತ. ಬಟ್ಟೆಗೆ ನಯವಾದ ಮಗ್ಗಲೇ ಮೇಲುಮಗ್ಗಲು. ಇಸ್ತ್ರಿಯವನ ಕಣ್ಣು ಗೆಡ್ಡೆಯನ್ನೂ ಹಾಗೆಯೇ ನೋಡಿತ್ತು. ನಯವಾದ ಬುಡವನ್ನು ಮೇಲೆ ಮಾಡಿ, ಅಷ್ಟನ್ನೂ ತಲೆಕೆಳಗಾಗಿ ನೆಟ್ಟಿದ್ದ. ಮೊಳಕೆ ಅಡಿಯಿಂದ ಸುತ್ತು ಹಾಕಿ ಬರಬೇಕಾಗಿತ್ತು.

ಅವಳು ಕಿಟಕಿಯಲ್ಲಿ ನಿಂತು ನಕ್ಕಳು. ಅಷ್ಟು ಹೊತ್ತಿಗೆ ಚಳಿಯೂ ಕಳೆದು ಬಿಸಿಲು ಬಲಿತಿತ್ತು.

ಅಂದಿನಿಂದ ಪ್ರತಿ ಚಳಿಗೆ ಅದೇ ಮಾತು, ಅದೇ ರಾಗ. ಕಲಿತ ಪದ್ಯ ಒಪ್ಪಿಸುವವನ ಹಾಗೆ ಒಂದಕ್ಷರವೂ ಆಚೀಚೆಯಾಗದಂತೆ ಹೇಳುತ್ತಿದ್ದ: ಹೂ ಬರೋ ತನಕ ಇರು. ಆಮೇಲೆ ನಿನ್ನಿಷ್ಟ.

*

"ಪೆಟ್ಟಿಗೆ ಮುಚ್ಚಳ ಹಾಕ್ತಾರೆ, ಮುಖ ನೋಡ್ಬಾ," ಎಂದು ಲಾಂಡ್ರಿಯವಳು ಅವಳ ಕೈ ಹಿಡಿದು ಒಳಗೆ ಎಳೆದಳು. ಅವಳು ಹೋದಳು. ಅವನ ಹಣೆ ಮುಟ್ಟಿದಳು. ಜೀವಮಾನವೆಲ್ಲ ಇಸ್ತ್ರಿಯ ಶಾಖದಲ್ಲಿದ್ದವನು ಇಷ್ಟು ತಣ್ಣಗಿರುವುದು ಅವಳಿಗೆ ನಂಬಿಕೆಯಾಗಲಿಲ್ಲ.

ಆಗ ಹಿತ್ತಿಲಿನಿಂದ ಸುತ್ತಿಗೆಯ ಸದ್ದು ಬಂತು.

ಓಡಿದಳು. ಭಾವ ಮರಕ್ಕೆ ಟಾರ್ಪಾಲಿನ ಒಂದು ತುದಿ ಕಟ್ಟಿ, ಇನ್ನೊಂದಕ್ಕೆ ಕಬ್ಬಿಣದ ಸರಳನ್ನು ಮಣ್ಣಿಗೆ ಹೊಡೆಯುತ್ತಿದ್ದರು.

"ಕುರ್ಚಿ ಬೇಡ ಅಂದ್ಯಲ್ಲ ತಾಯಿ, ಅದಕ್ಕೇ ಆ ಕಡೆ ನೆರಳು ಮಾಡೋಣ ಅಂತ..."

ಅವಳು ಸರಳನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ಕಿತ್ತಳು. ತೂತಿನ ಬಾಯಲ್ಲಿ ಅಂಗೈಯಗಲದ ಗೆಡ್ಡೆ ಹೋಳಾಗಿ, ಒಳಗಿನ ಬಿಳುಪು ಕಾಣುತ್ತಿತ್ತು. ಮಂಡಿಯೂರಿ ಹೋಳುಗಳನ್ನು ಒಂದಕ್ಕೊಂದು ಒತ್ತಿ ಹಿಡಿದಳು. ಕೈ ಬಿಟ್ಟರೆ ಬೇರೆಯಾದವು. ಮತ್ತೆ ಒತ್ತಿದಳು.

"ಗೊತ್ತಾಗ್ಲಿಲ್ಲಮ್ಮ," ಎಂದರು ಭಾವ. ಸುತ್ತಿಗೆ ಕೈಯಲ್ಲೇ ಇತ್ತು. ಅವರು ಅಂದು ಮೊದಲ ಸಲ, ಬಿಸಿಲಲ್ಲೇ, ನೆಲದ ಮೇಲೆ ಕೂತುಬಿಟ್ಟರು.

ಮಗಳು ಬಂದಳು. ಶಾಲೆಯ ಬಸ್ಸು ಓಡಿಸುವವಳು. ಎಂಥ ಗಲಾಟೆಯಲ್ಲೂ ದನಿ ಏರಿಸದೆ ಮಕ್ಕಳನ್ನು ಕೂರಿಸಿ ಅಭ್ಯಾಸ. "ಅಮ್ಮ, ಗಾಡಿ ಕಾಯ್ತಿದೆ. ಏಳು."

"ನಾನು ಹೋದ್ರೆ ತುಳೀತಾರೆ."

"ಯಾರೂ ತುಳಿಯಲ್ಲ. ಅಪ್ಪನ್ನ ಕಳಿಸೋ ಹೊತ್ತಲ್ಲಿ ಗಿಡದ ಮಾತಾ? ಅದೂ ಅಪ್ಪನ ಶೋಕಿ."

"ಅಪ್ಪನ ಶೋಕಿ ಅಲ್ಲ." ಅವಳು ತಲೆ ಎತ್ತಲಿಲ್ಲ. ಮಗಳಿಗೆ ಎಂದೂ ಹೇಳದ್ದನ್ನು ಹೋಳಾದ ಗೆಡ್ಡೆಗೆ ಹೇಳುವವಳ ಹಾಗೆ ಹೇಳತೊಡಗಿದಳು. ಗೋಡೆಗೆ ಮುಖ ಮಾಡಿ ಮಲಗಿದ್ದು. ಇರೋದು ಬೇಡ ಅಂದದ್ದು. ತಲೆಕೆಳಗಾಗಿ ನೆಟ್ಟದ್ದು. ಪ್ರತಿ ಚಳಿಯಲ್ಲೂ ಅವನು ಹೇಳುತ್ತಿದ್ದ ಮಾತು, ಅವನದೇ ರಾಗದಲ್ಲಿ.

ಮಗಳ ಮುಖದಲ್ಲಿ ಬಣ್ಣವಿರಲಿಲ್ಲ. "ನಿಂಗೆ ಚಳಿಗೆ ಮೈ ಕೈ ನೋವು ಅಂತಿದ್ರು ಅಪ್ಪ."

"ಹಾಗೇ ಹೇಳು ಅಂದಿದ್ದೆ."

"ಪ್ರತಿ ವರ್ಷಾನಾ?"

"ಹೋದ ವರ್ಷಾನೂ."

ಮುಂಬಾಗಿಲ ಕಡೆ ಗಾಡಿಯವನು ಒಮ್ಮೆ ಹಾರನ್ ಒತ್ತಿ, ತಪ್ಪಾಯಿತೆಂಬಂತೆ ತಟ್ಟನೆ ನಿಲ್ಲಿಸಿದ. ಯಾರೋ ಅವನನ್ನು ಗದರಿದರು.

"ನೀನು ಹೋಗಿ ಬಾ," ಎಂದಳು ಅವಳು. "ಅಪ್ಪನ ಜೊತೆ ಒಬ್ರಾದ್ರೂ ಇರ್ಬೇಕು. ನಾನು ಇಲ್ಲೇ ಇರ್ತೀನಿ. ಒಂದೇ ಒಂದು ಕೇಳ್ತೀನಿ. ಎಲೆ ಉದುರೋಕೆ ಶುರುವಾದ ಮೇಲೆ ಒಂದ್ಸಲ ಬಾ. ಫೋನಲ್ಲಾದ್ರೂ ಸರಿ. ಆ ಮಾತು ನೀನು ಹೇಳು. ಯಾರಾದ್ರೂ ಹೇಳ್ಬೇಕು ಕಣೇ. ನಂಗೆ ನಾನೇ ಹೇಳ್ಕೊಂಡ್ರೆ ಕೇಳಿಸಲ್ಲ."

ಮಗಳು ಕೂತಳು. ಸಾವಿಗೆಂದು ಉಟ್ಟ ಬಟ್ಟೆಯಲ್ಲೇ ಮಣ್ಣಿನ ಅಂಚಿಗೆ ಕೂತು, ಅಮ್ಮನ ಕೈಯಿಂದ ಗೆಡ್ಡೆಯ ಹೋಳುಗಳನ್ನು ತೆಗೆದುಕೊಂಡಳು. ಯಾವ ಮಗ್ಗಲು ಮೇಲೆಂದು ತಿಳಿಯದೆ ತಿರುಗಿಸಿ ತಿರುಗಿಸಿ ನೋಡಿದಳು.

"ಹೇಳ್ತೀಯಲ್ಲ?"

"ಇಲ್ಲ," ಎಂದಳು ಮಗಳು. "ಆಮೇಲೆ ನಿನ್ನಿಷ್ಟ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ. ಅದನ್ನ ನಾನು ಹೇಳಲ್ಲಮ್ಮ, ಯಾವತ್ತೂ ಹೇಳಲ್ಲ."